ಬ್ಯಾಸೆಟ್ ಹೌಂಡ್ ದತ್ತು: ಅರ್ಜಿ ಹಾಕುವ ಮುಂಚೆ ಏನು, ಮನೆಗೆ ಬಂದ ಮೇಲೆ ಏನು?

ಉದ್ದಕಿವಿ

ದಿಕ್ಕಿಲ್ಲದ ನಾಯಿಗಳಿಗೆ ಹೊಸ ಮನೆ ಹುಡುಕುವ ರೆಸ್ಕ್ಯೂ ತಂಡಗಳ ಕೈಸೇರುವ ಬ್ಯಾಸೆಟ್‌ಗಳ ಬಗ್ಗೆ ಹಳೇ ಮಾಲೀಕರು ಕೊಡುವ ಕಾರಣಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಒಂಟಿಯಾಗಿ ಬಿಟ್ಟರೆ ಊಳಿಡುತ್ತೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತೆ, ಕಿವಿ ನಾರುತ್ತೆ, ಕರೆದರೆ ಬರಲ್ಲ, ಸೋಫಾದಿಂದ ಇಳಿಸೋಕೆ ಹೋದರೆ ಗುರ್ ಅನ್ನುತ್ತೆ. ಎಲ್ಲಕ್ಕೂ ಸೇರಿಸಿ ಕೊನೆಗೆ ‘ಹಠಮಾರಿ’ ಅಂತ ಹಣೆಪಟ್ಟಿ.

ಇದರಲ್ಲಿ ಬಹುಪಾಲು ಆ ನಾಯಿಯ ದೋಷ ಅಲ್ಲವೇ ಅಲ್ಲ. ಫ್ರಾನ್ಸ್‌ನಲ್ಲಿ ಮೊಲದ ಬೇಟೆಗೆ ಅಂತ ಬೆಳೆಸಿದ ತಳಿ ಇದು. ಬೇಟೆಗಾರರು ಕಾಲ್ನಡಿಗೆಯಲ್ಲೇ ಹಿಂದೆ ಹೋಗಬೇಕಿತ್ತು, ಹಾಗಾಗಿ ಗಿಡ್ಡ ಕಾಲು, ನಿಧಾನದ ಓಟ. ಗುಂಪಿನಲ್ಲೇ ಇರೋದು, ದೂರಕ್ಕೆ ಕೇಳುವ ಹಾಗೆ ಕೂಗೋದು, ಜಾಡು ಹಿಡಿದ ಮೇಲೆ ತಲೆ ಎತ್ತದಿರೋದು, ಇವನ್ನೇ ಆರಿಸಿ ಆರಿಸಿ ಬೆಳೆಸಿದ್ದಾರೆ. ಅಂದರೆ ಬರುವ ಕಷ್ಟಗಳೆಲ್ಲ ನಾಯಿ ಹೊಸಿಲು ದಾಟುವ ಮೊದಲೇ ಗೊತ್ತಿರುವಂಥವು. ತಯಾರಿ ಇಲ್ಲದೆ ಕರೆತಂದು ಮೂರನೇ ವಾರಕ್ಕೆ ವಾಪಸ್ ಕೊಟ್ಟರೆ ಆ ನಾಯಿಗೆ ಎರಡನೇ ಸಲ ಮನೆ ತಪ್ಪುತ್ತೆ. ಅದಾಗಬಾರದು ಅಂತಲೇ ಈ ಚರ್ಚೆ. ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು.

ಮೊದಲ ಪ್ರಶ್ನೆ: ಅರ್ಜಿ ಹಾಕುವಾಗ ರೆಸ್ಕ್ಯೂ ತಂಡದ ಹತ್ತಿರ ಏನೇನು ಕೇಳಬೇಕು?

ಫಾಸ್ಟರ್‌ಮನೆ

ನಾಯಿ ಈಗ ಕೆನಲ್‌ನಲ್ಲಿದೆಯೋ, ಯಾರದ್ದಾದರೂ ಫಾಸ್ಟರ್ ಮನೆಯಲ್ಲಿ (ದತ್ತು ಆಗುವವರೆಗೆ ತಾತ್ಕಾಲಿಕವಾಗಿ ಸಾಕುವ ಮನೆ) ಇದೆಯೋ ಅಂತ ಮೊದಲು ಕೇಳಿ. ಕೆನಲ್‌ನಲ್ಲಿದ್ದರೆ ಮನೆಯೊಳಗಿನ ನಡವಳಿಕೆ ಬಗ್ಗೆ ಯಾರು ಏನು ಹೇಳಿದರೂ ಅದು ಅಂದಾಜು ಮಾತ್ರ. ಫಾಸ್ಟರ್ ಮನೆಯಲ್ಲಿದ್ದರೆ ಆ ಮನೆಯವರ ಜೊತೆ ನೇರವಾಗಿ ಮಾತಾಡಲು ಅವಕಾಶ ಕೇಳಿ. ‘ಒಳ್ಳೇ ನಾಯಿ’ ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. ಎಷ್ಟು ಹೊತ್ತು ಒಂಟಿಯಾಗಿ ಬಿಟ್ಟಿದ್ದರು, ಆ ಹೊತ್ತಲ್ಲಿ ಕ್ಯಾಮೆರಾ ಇತ್ತಾ? ಕಿವಿ ಮುಟ್ಟಿದರೆ, ಪಾದ ಹಿಡಿದರೆ ಏನು ಮಾಡುತ್ತೆ? ತಟ್ಟೆಯ ಹತ್ತಿರ ಇನ್ನೊಂದು ನಾಯಿ ಬಂದರೆ? ಬೆಕ್ಕು ಕಂಡರೆ? ಮೆಟ್ಟಿಲು ಹತ್ತಲು ಹಿಂದೇಟು ಹಾಕುತ್ತಾ? ರಾತ್ರಿ ಎಲ್ಲಿ ಮಲಗುತ್ತೆ?

ಕಾಗದಪತ್ರದಲ್ಲಿ ಬೇಕಾದ್ದು: ಲಸಿಕೆ ದಾಖಲೆ, ಜಂತುಹುಳದ ಔಷಧ ಕೊಟ್ಟ ದಿನಾಂಕ, ಹೃದಯಹುಳ (ಹೃದಯ, ಶ್ವಾಸಕೋಶದ ರಕ್ತನಾಳದಲ್ಲಿ ಬೆಳೆಯುವ ಹುಳ) ಪರೀಕ್ಷೆಯ ಫಲಿತಾಂಶ, ಸಂತಾನಹರಣ ಆಗಿದ್ದರೆ ಆಗ ರಕ್ತಸ್ರಾವದ ತೊಂದರೆ ಏನಾದರೂ ಕಾಣಿಸಿತ್ತಾ ಅನ್ನೋದು, ಕಿವಿಗೆ ಈವರೆಗೆ ಹಾಕಿದ ಔಷಧಗಳ ಹೆಸರು. ಕೊನೆಯದನ್ನು ಯಾರೂ ಕೇಳಲ್ಲ. ಆದರೆ ಹಳೇ ಸೋಂಕು ಮರುಕಳಿಸಿದಾಗ ಯಾವ ಔಷಧಕ್ಕೆ ಬಗ್ಗಲಿಲ್ಲ ಅನ್ನೋದು ವೈದ್ಯರಿಗೆ ತುಂಬಾ ಉಪಯೋಗಕ್ಕೆ ಬರುತ್ತೆ.

ಒಪ್ಪಂದದಲ್ಲಿ ಎರಡು ಅಂಶ ನೋಡಿ. ಹೊಂದಿಕೆಯಾಗದಿದ್ದರೆ ನಾಯಿಯನ್ನು ಅದೇ ತಂಡಕ್ಕೆ ಹಿಂತಿರುಗಿಸಬೇಕು ಅನ್ನುವ ಷರತ್ತು ಇರಬೇಕು. ಜವಾಬ್ದಾರಿಯುತ ತಂಡಗಳು ಇದನ್ನು ಬರೆದೇ ಇರುತ್ತವೆ. ಎರಡನೆಯದು, ಪೂರ್ಣ ದತ್ತುವಿಗೆ ಮುಂಚೆ ಕೆಲವು ವಾರ ಮನೆಯಲ್ಲಿಟ್ಟು ನೋಡುವ ವ್ಯವಸ್ಥೆ. ಮನೆಯಲ್ಲಿ ಈಗಾಗಲೇ ನಾಯಿಯೋ ಬೆಕ್ಕೋ ಇದ್ದರೆ ಇದು ಬಹಳ ಮುಖ್ಯ.

ವೆಟ್‌ಮಾತು

ಮನೆಗೆ ಬಂದ ಮೊದಲ ವಾರದಲ್ಲೇ ಒಂದು ಪೂರ್ತಿ ತಪಾಸಣೆ ಆಗಲಿ. ರೆಸ್ಕ್ಯೂ ತಂಡ ಮಾಡಿಸಿದ್ದರೂ ಸರಿ. ಬ್ಯಾಸೆಟ್ ಅಂದಾಗ ವಿಶೇಷವಾಗಿ ನೋಡಿಸಬೇಕಾದವು ಇವು.

ಕಿವಿಯ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಕಣ್ಣಿಂದ ನೋಡಿ ಔಷಧ ಬರೆಸಿಕೊಳ್ಳಬೇಡಿ. ಕಂದು ಬಣ್ಣದ ಜಿಡ್ಡು, ಹುಳಿ ವಾಸನೆ ಇದ್ದರೆ ಸಾಮಾನ್ಯವಾಗಿ ಮಲಸೇಜಿಯಾ ಅನ್ನುವ ಯೀಸ್ಟ್. ಹಳದಿ ಹಸಿರು ಕೀವು, ಮುಟ್ಟಿದರೆ ನೋವು ಇದ್ದರೆ ಬ್ಯಾಕ್ಟೀರಿಯಾ ಇರಬಹುದು, ಆಗ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಬೇಕಾಗುತ್ತೆ. ಎರಡಕ್ಕೂ ಔಷಧ ಬೇರೆ ಬೇರೆ.

ಕಣ್ಣಿನ ಒತ್ತಡ ಅಳೆಸಿ. ಆ ಒತ್ತಡ ಏರುವ ಕಾಯಿಲೆ, ಗ್ಲಾಕೋಮಾ, ಈ ತಳಿಯಲ್ಲಿ ವಂಶವಾಹಿಯಾಗಿ ಬರುತ್ತೆ. ಮೊದಲ ತಪಾಸಣೆಯ ಅಂಕಿ ದಾಖಲಾಗಿದ್ದರೆ ಮುಂದಿನ ವರ್ಷಗಳಲ್ಲಿ ಹೋಲಿಸಿ ನೋಡಬಹುದು. ಕೆಳರೆಪ್ಪೆ ಜೋತುಬಿದ್ದು ಒಳಗಿನ ಕೆಂಪು ಸ್ವಲ್ಪ ಕಾಣೋದು ಈ ತಳಿಯಲ್ಲಿ ಸಾಮಾನ್ಯ. ಆದರೆ ಬಿಳಿಗುಡ್ಡೆಯೇ ಕೆಂಪಾಗಿ, ಕಣ್ಣು ಮಂಜಾಗಿ, ಪಾಪೆ ಅಗಲವಾಗಿ ನಿಂತುಬಿಟ್ಟರೆ ಅದು ‘ಬ್ಯಾಸೆಟ್ ಕಣ್ಣೇ ಹೀಗೆ’ ಅಂತ ಬಿಡುವಂಥದ್ದಲ್ಲ. ಒತ್ತಡ ಹೆಚ್ಚಾದರೆ ಒಂದೆರಡು ದಿನದಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಸಂತಾನಹರಣ ಇನ್ನೂ ಆಗಿಲ್ಲವಾದರೆ ಶಸ್ತ್ರಕ್ರಿಯೆಗೆ ಮುಂಚೆ ರಕ್ತಸ್ರಾವದ ಸಮಯ ಪರೀಕ್ಷಿಸಿ ಅಂತ ಕೇಳಿ. ಬ್ಯಾಸೆಟ್‌ಗಳಲ್ಲಿ ಥ್ರಾಂಬೋಪತಿ ಎಂಬ ಆನುವಂಶಿಕ ತೊಂದರೆ ಇದೆ. ಪ್ಲೇಟ್‌ಲೆಟ್‌ಗಳ (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಸಂಖ್ಯೆ ಸರಿಯಾಗೇ ಇರುತ್ತೆ, ಕೆಲಸ ಮಾತ್ರ ಮಾಡಲ್ಲ. ಹಾಗಾಗಿ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳೋದಿಲ್ಲ. ತುಟಿಯ ಒಳಭಾಗದಲ್ಲಿ ಸಣ್ಣ ಗೀರು ಹಾಕಿ ರಕ್ತ ನಿಲ್ಲುವ ಸಮಯ ನೋಡುತ್ತಾರೆ. ಸಾಮಾನ್ಯ ನಾಯಿಗೆ ಸುಮಾರು 4 ನಿಮಿಷದೊಳಗೆ ನಿಲ್ಲಬೇಕು.

ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಸ್ಕ್ಯಾನ್ ಮಾಡಿಸಿ, 15 ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ, ನೋಂದಣಿಯನ್ನು ಅದೇ ದಿನ ನಿಮ್ಮ ಹೆಸರಿಗೆ ಬದಲಾಯಿಸಿ. ಸಡಿಲ ಚರ್ಮದಡಿ ಚಿಪ್ ಜಾರಿರಬಹುದು. ಭುಜದ ನಡುವೆ ಸಿಗದಿದ್ದರೆ ಎರಡೂ ಪಕ್ಕ, ಮುಂಗಾಲಿನವರೆಗೂ ಸ್ಕ್ಯಾನರ್ ಆಡಿಸಲು ಹೇಳಿ.

ಹೊಸಬರು_7

ಹೃದಯಹುಳ ‘ನೆಗೆಟಿವ್’ ಅಂತ ಬಂದಿದ್ದರೆ ಮತ್ತೆ ಮಾಡಿಸಬೇಕಾ?

ವೆಟ್‌ಮಾತು

ಬೇಕು, 6 ತಿಂಗಳ ನಂತರ. ಸೋಂಕು ತಗುಲಿ ಸುಮಾರು ಅರ್ಧ ವರ್ಷ ಆಗುವವರೆಗೆ ಆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲ್ಲ. ನಾಯಿ ಎಲ್ಲೆಲ್ಲಿ ತಿರುಗಿ ಬಂದಿದೆಯೋ ಗೊತ್ತಿಲ್ಲದಾಗ ಒಂದು ಫಲಿತಾಂಶ ಸಾಲದು.

ಪಾಸಿಟಿವ್ ಬಂದರೂ ದತ್ತು ಬೇಡ ಅನ್ನಬೇಕಿಲ್ಲ, ಆದರೆ ಏನಕ್ಕೆ ಒಪ್ಪುತ್ತಿದ್ದೀರಿ ಅಂತ ತಿಳಿದಿರಲಿ. ಸುಮಾರು ಎರಡು ತಿಂಗಳ ಪೂರ್ವತಯಾರಿ, ಆಮೇಲೆ ಒಂದು ಚುಚ್ಚುಮದ್ದು, ಒಂದು ತಿಂಗಳ ಬಳಿಕ 24 ಗಂಟೆ ಅಂತರದಲ್ಲಿ ಇನ್ನೆರಡು. ಇಷ್ಟೂ ಕಾಲ, ಕೊನೆಯ ಚುಚ್ಚುಮದ್ದಿನ ನಂತರ 6ರಿಂದ 8 ವಾರದವರೆಗೂ, ಓಟ ಇಲ್ಲ, ಜಿಗಿತ ಇಲ್ಲ. ಸತ್ತ ಹುಳದ ತುಣುಕುಗಳು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಹೃದಯದ ಬಡಿತ ಏರಿದಷ್ಟೂ ಅಪಾಯ ಜಾಸ್ತಿ.

ತೂಕತಕ್ಕಡಿ

ಆಹಾರದ ವಿಷಯ. ರೆಸ್ಕ್ಯೂ ಬ್ಯಾಸೆಟ್‌ಗಳು ಎರಡು ಥರದಲ್ಲಿ ಬರುತ್ತವೆ: ಪಕ್ಕೆಲುಬು ಎಣಿಸುವಷ್ಟು ಬಡಕಲು, ಇಲ್ಲವೇ ಹೊಟ್ಟೆ ನೆಲಕ್ಕೆ ತಾಗುವಷ್ಟು ದಪ್ಪ. ಎರಡರಲ್ಲೂ ಲೆಕ್ಕ ಹಾಕಿಯೇ ಕೊಡಬೇಕು.

ವಿಶ್ರಾಂತಿ ಸ್ಥಿತಿಯ ಕ್ಯಾಲೊರಿಯ ಸೂತ್ರ: ಕೆ.ಜಿ.ಯಲ್ಲಿ ತೂಕದ 0.75 ಘಾತ, ಗುಣಿಸು 70. ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ದಪ್ಪ ನಾಯಿ. ಈಗ 32 ಕೆ.ಜಿ., ಇರಬೇಕಾದ್ದು 25 ಕೆ.ಜಿ. ಅಂದುಕೊಳ್ಳಿ. ಲೆಕ್ಕ ಹಾಕಬೇಕಾದ್ದು ಗುರಿಯ ತೂಕಕ್ಕೆ. 25 ಕೆ.ಜಿ.ಗೆ ಸುಮಾರು 780 ಕಿಲೋಕ್ಯಾಲೊರಿ ಬರುತ್ತೆ, ಅದೇ ದಿನದ ಮಿತಿ. ಅದರಲ್ಲಿ ಹತ್ತನೇ ಒಂದು ಭಾಗ, ಅಂದರೆ 78, ತರಬೇತಿಯಲ್ಲಿ ಕೊಡುವ ತಿನಿಸಿನ ತುಣುಕುಗಳಿಗೆ ಎತ್ತಿಡಿ. ಉಳಿದ 700 ಊಟಕ್ಕೆ. ಒಣ ಆಹಾರದ ಚೀಲದ ಮೇಲೆ 100 ಗ್ರಾಂಗೆ 350 ಅಂತ ಬರೆದಿದ್ದರೆ ದಿನಕ್ಕೆ 200 ಗ್ರಾಂ. ಅಳತೆಯ ಲೋಟ ಬೇಡ, ಅಡುಗೆಮನೆಯ ತಕ್ಕಡಿ ಬಳಸಿ. ಲೋಟದಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪ್ರಮಾಣ ಬೀಳುತ್ತೆ, ಮನೆಯಲ್ಲಿ ಮೂವರು ಊಟ ಹಾಕುವವರಿದ್ದರೆ ತೂಕ ಇಳಿಯೋದೇ ಇಲ್ಲ. ಬೆಳಿಗ್ಗೆಯೇ ಇಡೀ ದಿನದ್ದನ್ನು ತೂಗಿ ಒಂದು ಡಬ್ಬಿಯಲ್ಲಿಡಿ. ಡಬ್ಬಿ ಖಾಲಿ ಆದರೆ ಆ ದಿನದ್ದು ಮುಗಿಯಿತು.

ವಾರಕ್ಕೆ ಮೈತೂಕದ ಶೇಕಡಾ 1ರಷ್ಟು ಇಳಿದರೆ ಸರಿಯಾದ ವೇಗ. 32 ಕೆ.ಜಿ. ನಾಯಿಗೆ ಮೊದಲ ವಾರಗಳಲ್ಲಿ 300 ಗ್ರಾಂ ಆಸುಪಾಸು. 25ಕ್ಕೆ ಇಳಿಯಲು ಸುಮಾರು 6 ತಿಂಗಳು ಹಿಡಿಯುತ್ತೆ. ಶೇಕಡಾ 2ಕ್ಕಿಂತ ವೇಗವಾಗಿ ಇಳಿದರೆ ಸ್ನಾಯು ಕರಗುತ್ತೆ, ಮತ್ತು ಆ ಬೆನ್ನನ್ನು ಹಿಡಿದಿಟ್ಟಿರೋದೇ ಸ್ನಾಯು.

ಬಡಕಲು ನಾಯಿಗೆ ಅವಸರ ಬೇಡವೇ ಬೇಡ. ಹಸಿದ ನಾಯಿಗೆ ತಟ್ಟೆ ತುಂಬ ಹಾಕಬೇಕು ಅನ್ನಿಸೋದು ಸಹಜ, ಆದರೆ ಅದೇ ಅದನ್ನು ಕೊಲ್ಲಬಹುದು. ದೀರ್ಘಕಾಲ ಉಪವಾಸವಿದ್ದ ಮೈಗೆ ಒಮ್ಮೆಲೇ ಆಹಾರ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶದೊಳಗೆ ಸರಿದುಹೋಗುತ್ತವೆ. ಹೃದಯದ ಲಯ ತಪ್ಪುತ್ತೆ. 15 ಕೆ.ಜಿ.ಗೆ ಇಳಿದ ಬ್ಯಾಸೆಟ್‌ಗೆ ಸೂತ್ರದ ಪ್ರಕಾರ ಸುಮಾರು 530 ಕಿಲೋಕ್ಯಾಲೊರಿ. ಮೊದಲ ದಿನ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಂದರೆ 130ರಿಂದ 175. ಅದನ್ನೂ 4ರಿಂದ 6 ಸಲಕ್ಕೆ ಹಂಚಿ. ಮೂರು ನಾಲ್ಕು ದಿನದಲ್ಲಿ ಪೂರ್ತಿ 530ಕ್ಕೆ ತಲುಪಿ, ಆಮೇಲೆ ನಿಧಾನ ಏರಿಸಿ. ಇಷ್ಟು ಬಡಕಲಾಗಿರೋ ನಾಯಿಗೆ ಇದೆಲ್ಲ ವೈದ್ಯರ ಕಣ್ಣಳತೆಯಲ್ಲಿ, ರಕ್ತಪರೀಕ್ಷೆ ಮಾಡಿಸುತ್ತಾ ನಡೆಯಬೇಕು.

ಉದ್ದಕಿವಿ

ಊಟದ ಜೊತೆಗೇ ಹೊಟ್ಟೆ ಉಬ್ಬರದ ಮಾತು ಸೇರಿಸಿಬಿಡೋಣ. ಆಳವಾದ ಎದೆಯ ನಾಯಿ ಇದು. ಹೊಟ್ಟೆಯಲ್ಲಿ ಗಾಳಿ ತುಂಬಿ ಜಠರ ತಿರುಚಿಕೊಳ್ಳುವ ಅಪಾಯ ಬ್ಯಾಸೆಟ್‌ಗೂ ಇದೆ. ವಾಂತಿ ಮಾಡಲು ಯತ್ನಿಸುತ್ತೆ, ಏನೂ ಬರಲ್ಲ. ಜೊಲ್ಲು ಸುರಿಸುತ್ತೆ, ಕೂರಲ್ಲ, ಮಲಗಲ್ಲ, ಹೊಟ್ಟೆ ಬಿಗಿಯಾಗಿ ಉಬ್ಬಿರುತ್ತೆ. ಬೆಳಗಾಗಲಿ ಅಂತ ಕಾಯೋ ಕಾಯಿಲೆ ಅಲ್ಲ ಇದು, ಉಳಿಯೋದು ಗಂಟೆಗಳ ಲೆಕ್ಕದಲ್ಲಿ. ದಿನಕ್ಕೊಂದೇ ದೊಡ್ಡ ಊಟ ಬೇಡ, ಎರಡು ಮೂರು ಭಾಗ ಮಾಡಿ. ಗಬಗಬ ನುಂಗೋ ನಾಯಿಗೆ ಉಬ್ಬುತಗ್ಗಿನ ತಟ್ಟೆ ಕೊಡಿ. ಸಂತಾನಹರಣಕ್ಕೆ ಅರಿವಳಿಕೆ ಕೊಟ್ಟಾಗಲೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಸುವ ಬಗ್ಗೆಯೂ ವೈದ್ಯರ ಹತ್ತಿರ ಕೇಳಬಹುದು.

ಕಿವಿಡಬ್ಬಿ

ಕಿವಿ ಸ್ವಚ್ಛ ಮಾಡೋದನ್ನು ಹಂತಹಂತವಾಗಿ ಬರೀತೀನಿ, ಯಾಕೆಂದರೆ ಎಷ್ಟೋ ಸೋಂಕು ಉಳಿದುಕೊಳ್ಳೋದು ತಪ್ಪು ವಿಧಾನದಿಂದ.

ನಾಯಿಯ ಕಿವಿಯ ನಾಳ ಮೊದಲು ಕೆಳಮುಖವಾಗಿ ಇಳಿದು ಆಮೇಲೆ ಒಳಕ್ಕೆ ತಿರುಗುತ್ತೆ. ಬ್ಯಾಸೆಟ್‌ನಲ್ಲಿ ಅದರ ಮೇಲೆ ಭಾರವಾದ ಕಿವಿಹಾಳೆ ಮುಚ್ಚಿರುತ್ತೆ. ಗಾಳಿ ಆಡಲ್ಲ, ತೇವ ಆರಲ್ಲ. ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿದರೆ ಮೇಲಿನ ಕೊಳೆ ಮಾತ್ರ ಬರುತ್ತೆ. ಹತ್ತಿಕಡ್ಡಿ ಹಾಕಿದರೆ ಕೊಳೆ ತಿರುವಿನ ಆಚೆಗೆ ತಳ್ಳಿಹೋಗುತ್ತೆ.

ಸರಿಯಾದ ಕ್ರಮ: ಕಿವಿಹಾಳೆಯನ್ನು ನೇರ ಮೇಲಕ್ಕೆ ಎತ್ತಿ ಹಿಡಿಯಿರಿ, ನಾಳ ನೆಟ್ಟಗಾಗುತ್ತೆ. ನಾಯಿಗಳ ಕಿವಿಗೆ ಅಂತಲೇ ಇರುವ ಸ್ವಚ್ಛಕ ದ್ರವವನ್ನು ನಾಳ ತುಂಬಿ ಮೇಲೆ ಕಾಣುವಷ್ಟು ಸುರಿಯಿರಿ. ನಾಲ್ಕು ಹನಿ ಸಾಲದು. ದ್ರವ ತಣ್ಣಗಿದ್ದರೆ ನಾಯಿ ಬೆಚ್ಚುತ್ತೆ, ಬಾಟಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದಿಟ್ಟುಕೊಂಡಿರಿ. ಕಿವಿಯ ಬುಡದಲ್ಲಿ, ದವಡೆಯ ಹಿಂದೆ, ಗಟ್ಟಿ ಕೊಳವೆಯಂತೆ ಸಿಗುವ ಜಾಗವನ್ನು 20ರಿಂದ 30 ಸೆಕೆಂಡ್ ಮೃದುವಾಗಿ ಒತ್ತಿ ಒತ್ತಿ ಬಿಡಿ. ಒಳಗೆ ಪಚಪಚ ಸದ್ದು ಕೇಳಿಸಬೇಕು. ಕೇಳಿಸಿದರೆ ದ್ರವ ಇಳಿದಿದೆ ಅಂತ ಅರ್ಥ. ಆಮೇಲೆ ಕೈಬಿಟ್ಟು ಹಿಂದೆ ಸರಿಯಿರಿ, ನಾಯಿ ತಲೆ ಕೊಡವಲಿ. ಒಳಗಿನ ಕೊಳೆಯನ್ನು ಹೊರತರೋದು ಆ ಕೊಡವುವಿಕೆಯೇ. ಹೊರಗೆ ಬಂದಿದ್ದನ್ನು ಹತ್ತಿಯಿಂದ ಒರೆಸಿ, ಬೆರಳು ಹೋಗುವಷ್ಟು ಆಳಕ್ಕೆ ಮಾತ್ರ.

ಆರೋಗ್ಯವಾಗಿರುವ ಕಿವಿಗೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಾಕು, ಸ್ನಾನವಾದ ದಿನ ಮಾತ್ರ ತಪ್ಪದೆ ಮಾಡಿ. ದಿನಾ ತೊಳೆದರೆ ಚರ್ಮ ನೆನೆದು ಮೆತ್ತಗಾಗಿ ಅದೇ ಇನ್ನೊಂದು ಸೋಂಕಿಗೆ ದಾರಿ.

ಹೊಸದಾಗಿ ಬಂದ ನಾಯಿಗೆ ಕಿವಿತಮಟೆಯ ಪರೀಕ್ಷೆ ಆಗುವವರೆಗೆ ಮನೆಯಲ್ಲಿರುವ ಯಾವ ಹನಿಯನ್ನೂ ಹಾಕಬೇಡಿ. ತಮಟೆ ತೂತಾಗಿದ್ದರೆ ಕೆಲವು ಔಷಧಗಳು ಒಳಗಿವಿಗೆ ಇಳಿದು ಕಿವುಡು ತರಬಲ್ಲವು. ತಲೆ ಒಂದು ಕಡೆ ವಾಲಿಸಿಕೊಂಡು ನಡೆಯೋದು, ತೂರಾಡೋದು ಕಂಡರೆ ಸೋಂಕು ಆಳಕ್ಕೆ ಹೋಗಿದೆ ಅಂತ ತಿಳಿಯಿರಿ. ಔಷಧವನ್ನು ವಾಸನೆ ಹೋದ ಕೂಡಲೇ ನಿಲ್ಲಿಸಬೇಡಿ. ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿ ‘ಇಲ್ಲ’ ಅಂದ ಮೇಲೆ ನಿಲ್ಲಿಸಿ.

ಕಿವಿಹಾಳೆಯ ತುದಿಯನ್ನೂ ನೋಡುತ್ತಿರಿ. ನೀರಿನ ಬಟ್ಟಲಿಗೆ, ಊಟಕ್ಕೆ ಅದ್ದಿ ಅದ್ದಿ ಗಟ್ಟಿಯಾಗಿ ಬಿರಿಯುತ್ತೆ. ಬಾಯಿ ಕಿರಿದಾದ, ಆಳವಾದ ಬಟ್ಟಲಿಟ್ಟರೆ ಕಿವಿ ಎರಡೂ ಬದಿಗೆ ಹೊರಗೇ ಬೀಳುತ್ತೆ.

ಹೊಸಬರು_7

ಕಿವಿ ವಾಸಿಯಾಗಿ ಮತ್ತೆ ಎರಡು ತಿಂಗಳಿಗೆ ಬರುತ್ತೆ, ಮತ್ತೆ ವಾಸಿ, ಮತ್ತೆ ಬರುತ್ತೆ. ಇದಕ್ಕೆ ಕೊನೆ ಇಲ್ಲವಾ?

ವೆಟ್‌ಮಾತು

ಹಾಗೆ ಮರುಕಳಿಸುತ್ತಿದ್ದರೆ ಕಿವಿಯೊಂದನ್ನೇ ನೋಡಿ ಪ್ರಯೋಜನವಿಲ್ಲ. ಹಿಂದೆ ಹೆಚ್ಚಾಗಿ ಅಲರ್ಜಿ ಇರುತ್ತೆ. ಪಾದ ನೆಕ್ಕುತ್ತಾ, ಕಂಕುಳು, ತೊಡೆಸಂದು ಕೆಂಪಾಗಿದೆಯಾ, ಕತ್ತಿನ ಮಡಿಕೆಯಲ್ಲಿ ಜಿಡ್ಡು ವಾಸನೆ ಇದೆಯಾ ನೋಡಿ. ಚಿಗಟ ಪೂರ್ತಿ ಹೋಗಿದೆ ಅಂತ ಖಚಿತಪಡಿಸಿಕೊಂಡು, 8 ವಾರ ಕಟ್ಟುನಿಟ್ಟಿನ ಆಹಾರ ಪರೀಕ್ಷೆ (ವೈದ್ಯರು ಹೇಳಿದ ಒಂದೇ ಆಹಾರ ಕೊಟ್ಟು ನೋಡೋದು) ಮಾಡಬೇಕು. ಆ 8 ವಾರದಲ್ಲಿ ಬೇರೆ ಒಂದು ತುಣುಕೂ ಬಾಯಿಗೆ ಹೋಗಬಾರದು. ಅತಿಥಿಗಳು ಕೊಡುವ ಒಂದು ಬಿಸ್ಕತ್ತು ಸಾಕು, ಲೆಕ್ಕ ಮೊದಲಿಂದ ಶುರು.

ಚರ್ಮದ ಯೀಸ್ಟ್‌ಗೆ ಶೇಕಡಾ 2 ಕ್ಲೋರ್‌ಹೆಕ್ಸಿಡೀನ್, ಶೇಕಡಾ 2 ಮೈಕೊನಜೋಲ್ ಇರುವ ಶಾಂಪೂ ವಾರಕ್ಕೆರಡು ಸಲ. ಹಚ್ಚಿ 10 ನಿಮಿಷ ಬಿಡಬೇಕು, ಗಡಿಯಾರ ನೋಡಿಕೊಂಡೇ. ತಕ್ಷಣ ತೊಳೆದುಬಿಟ್ಟು ‘ಕೆಲಸ ಮಾಡಲಿಲ್ಲ’ ಅನ್ನುವವರೇ ಹೆಚ್ಚು. ತೊಳೆದ ಮೇಲೆ ಮಡಿಕೆಗಳೊಳಗೆ ಟವೆಲ್ ಒತ್ತಿ ತೇವ ತೆಗೆಯಿರಿ.

ಬೆನ್ನುಮೂಳೆ

ಬೆನ್ನಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಈ ತಳಿಯ ಗಿಡ್ಡ ಕಾಲಿಗೆ ಕಾರಣವಾದ ಎಫ್‌ಜಿಎಫ್4 ಜೀನಿನ ಹೆಚ್ಚುವರಿ ಪ್ರತಿಯನ್ನು 2009ರಲ್ಲಿ ಗುರುತಿಸಿದರು. ಅದೇ ಜೀನಿನ ಇನ್ನೊಂದು ಪ್ರತಿ 12ನೇ ವರ್ಣತಂತುವಿನಲ್ಲಿದ್ದರೆ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ಎಳೆಯ ವಯಸ್ಸಿನಲ್ಲೇ ಒಣಗಿ ಗಡುಸಾಗುತ್ತವೆ ಅಂತ 2017ರಲ್ಲಿ ಗೊತ್ತಾಯಿತು. ಗಡುಸಾದ ಡಿಸ್ಕ್ ಒಂದು ಜಿಗಿತಕ್ಕೆ ಸಿಡಿದು ಬೆನ್ನುಹುರಿಯನ್ನು ಒತ್ತಬಹುದು. ಹಾಗಾಗಿ ಸೋಫಾದಿಂದ ಹಾರೋದನ್ನು ತಡೆಯೋದು ಅತಿಯಾದ ಮುದ್ದು ಅಲ್ಲ.

ಹಾರುವ ಬದಲು ಹತ್ತಿ ಇಳಿಯಲು ಇಳಿಜಾರು ಹಲಗೆ ಇಡಿ, ಅದರ ಉದ್ದ ಎತ್ತರದ ಮೂರು ಪಟ್ಟು ಇರಲಿ. 45 ಸೆಂ.ಮೀ. ಎತ್ತರದ ಸೋಫಾಗೆ 135 ಸೆಂ.ಮೀ., 65 ಸೆಂ.ಮೀ. ಎತ್ತರದ ಕಾರಿನ ಡಿಕ್ಕಿಗೆ ಸುಮಾರು 2 ಮೀಟರ್. ಅಷ್ಟಿದ್ದರೆ ಇಳಿಜಾರು 20 ಡಿಗ್ರಿ ಒಳಗೆ ಬರುತ್ತೆ. ಅದಕ್ಕಿಂತ ಕಡಿದಾದರೆ ನಾಯಿ ಅರ್ಧಕ್ಕೆ ಬಂದು ಪಕ್ಕಕ್ಕೆ ಹಾರುತ್ತೆ, ಆಗ ಹಲಗೆ ಇಟ್ಟಿದ್ದೇ ವ್ಯರ್ಥ. ಅಗಲ 40 ಸೆಂ.ಮೀ.ಗೆ ಕಡಿಮೆ ಬೇಡ, ಎರಡೂ ಅಂಚಿಗೆ ಚಿಕ್ಕ ಪಟ್ಟಿ ಹೊಡೆಯಿರಿ, ಮೇಲೆ ರಬ್ಬರ್ ಚಾಪೆಯನ್ನೋ ಕಾರ್ಪೆಟ್ಟನ್ನೋ ಅಂಟಿಸಿ. ಮೊದಲು ನೆಲದ ಮೇಲೆ ಮಟ್ಟಸವಾಗಿಟ್ಟು ತುಣುಕು ಹಾಕುತ್ತಾ ನಡೆಸಿ, ಆಮೇಲೆ ಒಂದು ತುದಿಗೆ ಪುಸ್ತಕದಷ್ಟು ಎತ್ತರ ಕೊಡಿ, ದಿನದಿಂದ ದಿನಕ್ಕೆ ಏರಿಸಿ. ನುಣುಪು ಟೈಲ್ಸ್ ಇರುವ ಕಡೆ ನಾಯಿ ಓಡಾಡುವ ದಾರಿಗೆ ಜಾರದ ಹಾಸು ಹಾಸಿ.

ಎತ್ತುವಾಗ ಒಂದು ತೋಳು ಎದೆಯಡಿ, ಇನ್ನೊಂದು ಹಿಂಭಾಗದಡಿ, ಬೆನ್ನು ನೆಲಕ್ಕೆ ಸಮಾನಾಂತರ. ಮುಂಗಾಲಿನ ಸಂದಿಗೆ ಕೈಹಾಕಿ ಎತ್ತಿ, ಹಿಂಭಾಗ ಜೋತಾಡಲು ಬಿಡಬಾರದು. ಮಕ್ಕಳು ಎತ್ತಲೇಬಾರದು.

ಅಪಾಯದ ಗುರುತುಗಳು: ಬೆನ್ನು ಗೂನಾಗೋದು, ಮುಟ್ಟಿದರೆ ಕಿರುಚೋದು, ತಲೆ ಎತ್ತಲು ಒಲ್ಲದಿರೋದು, ಹಿಂಗಾಲಿನ ಪಾದ ಮಡಿಚಿಕೊಂಡು ಮೇಲ್ಭಾಗ ನೆಲಕ್ಕೆ ಉಜ್ಜೋದು. ಆ ಪಾದದ ಉಗುರು ಮೇಲ್ಗಡೆಯಿಂದ ಸವೆದಿರುತ್ತೆ, ಅದನ್ನು ಹತ್ತಿರದಿಂದ ನೋಡಿ. ಕಾಲು ಎಳೆಯಲು ಶುರುವಾದರೆ, ಬೆರಳು ಜೋರಾಗಿ ಚಿವುಟಿದರೂ ನಾಯಿ ತಿರುಗಿ ನೋಡದಿದ್ದರೆ, ಅದು ತುರ್ತು ಶಸ್ತ್ರಕ್ರಿಯೆಯ ಸ್ಥಿತಿ.

ಸೌಮ್ಯ ಪ್ರಕರಣದಲ್ಲಿ ವೈದ್ಯರು ಹೇಳೋದು 4ರಿಂದ 6 ವಾರ ಪಂಜರದ ವಿಶ್ರಾಂತಿ. ಎಲ್ಲರೂ ಎಡವೋದು ಎರಡನೇ ವಾರದಲ್ಲಿ. ನೋವಿನ ಗುಳಿಗೆಯಿಂದ ನಾಯಿ ಲವಲವಿಕೆಯಾಗುತ್ತೆ, ‘ಪಾಪ’ ಅಂತ ಬಾಗಿಲು ತೆಗೆಯುತ್ತಾರೆ, ಇನ್ನೂ ಮಾಗದ ಡಿಸ್ಕ್ ಪೂರ್ತಿ ಸಿಡಿಯುತ್ತೆ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಹಳೇ ಸ್ಟೆರಾಯ್ಡ್ ಗುಳಿಗೆ ಮತ್ತು ಹೊಸ ನೋವುನಿವಾರಕ ಒಟ್ಟಿಗೆ ಹೋದರೆ ಜಠರ ಹುಣ್ಣಾಗಿ ರಕ್ತ ಹೋಗುತ್ತೆ.

ಜಾಡುಗಾರ

ತಪ್ಪಿಸಿಕೊಳ್ಳೋದರ ಬಗ್ಗೆ. ಹೊಸ ಮನೆಗೆ ಬಂದ ಮೊದಲ ಕೆಲವು ದಿನಗಳಲ್ಲೇ ಅಪಾಯ ಹೆಚ್ಚು, ಏಕೆಂದರೆ ಆ ನಾಯಿಗೆ ಇನ್ನೂ ‘ಮನೆ’ ಯಾವುದು ಅಂತ ಗೊತ್ತಿಲ್ಲ.

ಬೇಲಿ 120 ಸೆಂ.ಮೀ. ಇದ್ದರೆ ಸಾಮಾನ್ಯವಾಗಿ ಸಾಕು, ಇವು ಹಾರೋ ನಾಯಿಗಳಲ್ಲ. ಆದರೆ ಕೆಳಗೆ ನೋಡಿ. ಆ ಮುಂಗಾಲು ತೋಡಲು ಹೇಳಿ ಮಾಡಿಸಿದ್ದು. ಬೇಲಿಯ ಬುಡದಲ್ಲಿ 30 ಸೆಂ.ಮೀ. ಆಳಕ್ಕೆ ತಂತಿಬಲೆ ಇಳಿಸಿ, ತುದಿಯನ್ನು ಒಳಮುಖವಾಗಿ ಮಡಿಸಿ ಹೂಳಿ. ಗೇಟಿನ ಕೆಳಗಿನ ಸಂದು 5 ಸೆಂ.ಮೀ. ಮೀರದಿರಲಿ.

ಕತ್ತಿನ ಸಡಿಲ ಚರ್ಮದಿಂದ ಸಾಮಾನ್ಯ ಕಾಲರ್ ಹಿಮ್ಮುಖವಾಗಿ ಎಳೆದರೆ ಜಾರಿಬರುತ್ತೆ. ಎಳೆದಾಗ ಮಿತಿಯೊಳಗೆ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಒಂದು, ಎದೆಯ ಮೇಲೆ ‘ವೈ’ ಆಕಾರದ ಹಾರ್ನೆಸ್ ಒಂದು, ಎರಡಕ್ಕೂ ಬೇರೆ ಬೇರೆ ಲೀಶ್ (ಹಿಡಿಹಗ್ಗ). ಮೊದಲ ಮೂರು ತಿಂಗಳು ಹೀಗೇ ಇರಲಿ. ಬಯಲಿಗೆ ಹೋದರೆ 8ರಿಂದ 10 ಮೀಟರ್ ಉದ್ದದ ಹಗ್ಗ, ಅದು ಯಾವತ್ತೂ ಹಾರ್ನೆಸ್‌ಗೇ, ಕತ್ತಿಗಲ್ಲ. ಓಡಿ ತುದಿ ಮುಟ್ಟಿದಾಗ ಬೀಳುವ ಜಗ್ಗು ಕತ್ತಿನ ಮೂಳೆಗೆ ಒಳ್ಳೆಯದಲ್ಲ.

ಕರೆದಾಗ ಬರೋದನ್ನು ಕಲಿಸಿ, ಖಂಡಿತ ಕಲಿಸಿ. ಆದರೆ ತಾಜಾ ಜಾಡಿನ ಮೇಲೆ ಮೂಗಿದ್ದಾಗ ಅದನ್ನು ನಂಬಿ ಲೀಶ್ ಬಿಚ್ಚಬೇಡಿ. ವಾಸನೆಯಲ್ಲಿ ಮುಳುಗಿದ ಬ್ಯಾಸೆಟ್ ನಿಮ್ಮ ದನಿಗೆ ತಿರುಗೋದೇ ಇಲ್ಲ, ನೇರ ರಸ್ತೆಗೆ ಇಳಿಯುತ್ತೆ.

ತಪ್ಪಿಸಿಕೊಂಡರೆ ಹಿಂದೆ ಓಡಬೇಡಿ, ಗುಂಪು ಕಟ್ಟಿಕೊಂಡು ಕೂಗಬೇಡಿ. ಕಾಣಿಸಿದರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ಗಾಢ ವಾಸನೆಯ ತಿನಿಸು ಎದುರಿಗೆ ಚೆಲ್ಲಿ. ಕಾಣಿಸದಿದ್ದರೆ ಕೊನೆಗೆ ಕಂಡ ಜಾಗದಲ್ಲಿ ಅದರ ಹಾಸಿಗೆ, ನೀವು ಹಾಕಿಕೊಂಡು ಬಿಟ್ಟ ಬಟ್ಟೆ, ನೀರು ಇಟ್ಟು ಕಾಯಿರಿ. ಮೂಗಿನಿಂದ ಹೋದ ನಾಯಿ ಮೂಗಿನಿಂದಲೇ ವಾಪಸ್ ಬರುವ ಸಾಧ್ಯತೆ ಇದೆ.

ನೀರಂಚು

ಒಂದೇ ಸಾಲು: ಈಜುಕೊಳ, ಬಾವಿ, ಕೆರೆದಂಡೆ ಇದ್ದರೆ ಬೇಲಿ ಹಾಕಿ. ಭಾರವಾದ ಮುಂಭಾಗ, ಗಿಡ್ಡ ಕಾಲು. ಬಹುತೇಕ ಬ್ಯಾಸೆಟ್‌ಗಳು ಹೆಚ್ಚು ಹೊತ್ತು ತೇಲಲಾರವು.

ಒಂಟಿಮನೆ

ಊಳಿಡೋದರ ಬಗ್ಗೆ ಎಲ್ಲರೂ ‘ಇನ್ನೊಂದು ನಾಯಿ ತನ್ನಿ’ ಅಂತಾರೆ. ಅದೇ ಸರಿಯಾದ ದಾರಿಯಲ್ಲವಾ, ಗುಂಪಿನ ತಳಿ ಅಂದಮೇಲೆ?

ಫಾಸ್ಟರ್‌ಮನೆ

ಕೆಲವಕ್ಕೆ ಹೌದು. ಈಗಾಗಲೇ ಜೋಡಿಯಾಗಿ ಬೆಳೆದವನ್ನು ಜೋಡಿಯಾಗೇ ದತ್ತು ಪಡೆಯಿರಿ, ಬೇರ್ಪಡಿಸಿದರೆ ಎರಡೂ ಊಟ ಬಿಡಬಹುದು. ಆದರೆ ನಾಯಿಗೆ ಬೇಕಾಗಿರೋದು ಮನುಷ್ಯರ ಸಂಗವಾದರೆ ಇನ್ನೊಂದು ನಾಯಿ ತಂದರೂ ಅಳು ನಿಲ್ಲಲ್ಲ, ಊಳಿಡುವ ಬಾಯಿ ಎರಡಾಗುತ್ತೆ. ತಿಳಿಯುವ ಬಗೆ ಸುಲಭ: ನೀವು ಹೊರಟ ಮೇಲೆ ಕ್ಯಾಮೆರಾದಲ್ಲಿ ನೋಡಿ. ಸ್ನೇಹಿತರ ಶಾಂತ ನಾಯಿಯೊಂದನ್ನು ಜೊತೆಗಿಟ್ಟು ಇನ್ನೊಂದು ಸಲ ನೋಡಿ. ವ್ಯತ್ಯಾಸವಿಲ್ಲದಿದ್ದರೆ ಎರಡನೇ ನಾಯಿ ಪರಿಹಾರವಲ್ಲ.

ತರಬೇತಿ ನಿಧಾನದ್ದು. ನಾಯಿ ಎಷ್ಟು ಸೆಕೆಂಡ್ ಶಾಂತವಾಗಿರುತ್ತೋ ಅದಕ್ಕಿಂತ ಕಡಿಮೆ ಹೊತ್ತು ಹೊರಗಿರಿ. 10 ಸೆಕೆಂಡಿಗೆ ಅಳುತ್ತಿದ್ದರೆ 5 ಸೆಕೆಂಡಿಗೆ ಒಳಗೆ ಬನ್ನಿ. ಅಲ್ಲಿಂದ ಏರಿಸಿ, ಆದರೆ ಪ್ರತಿ ಸಲವೂ ಏರಿಸಬೇಡಿ. 40, 15, 60, 20 ಹೀಗೆ ಏರಿಳಿತ ಇರಲಿ. ಮೊದಲ ಅರ್ಧ ಗಂಟೆ ದಾಟುವ ಹಂತವೇ ಕಷ್ಟದ್ದು. ಈ ಅವಧಿಯಲ್ಲಿ ಅದನ್ನು ನಿಜವಾಗಿ ಒಂಟಿಯಾಗಿ ಬಿಡದಂತೆ ಯಾರನ್ನಾದರೂ ಗೊತ್ತುಮಾಡಿ. ಒಂದು ಭಯದ ದಿನ ವಾರಗಳ ಕೆಲಸವನ್ನು ಅಳಿಸುತ್ತೆ.

ಜೊಲ್ಲು ಸುರಿಸುತ್ತಾ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವಷ್ಟು ತೀವ್ರವಾಗಿದ್ದರೆ ಪಂಜರದಲ್ಲಿ ಹಾಕಬೇಡಿ, ವೈದ್ಯರ ಹತ್ತಿರ ಔಷಧದ ಬಗ್ಗೆ ಕೇಳಿ. ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್ ಇದಕ್ಕೇ ಬಳಸುವಂಥವು, ಪರಿಣಾಮ ಕಾಣಲು 4ರಿಂದ 8 ವಾರ ಹಿಡಿಯುತ್ತೆ. ಬೊಗಳಿದರೆ ಶಾಕ್ ಕೊಡುವ ಕತ್ತಿನ ಪಟ್ಟಿ ಹಾಕಲೇಬೇಡಿ. ಭಯಕ್ಕೆ ಅಳುವ ನಾಯಿಗೆ ನೋವನ್ನೂ ಸೇರಿಸಿದರೆ ಭಯ ಹೆಚ್ಚೇ ಆಗುತ್ತೆ.

ಜಾಡುಗಾರ

ಇದಕ್ಕೆ ಒಂದು ಸೇರಿಸ್ತೀನಿ. ಹೊರಡುವ ಮುಂಚೆ ದೂರ ನಡೆಸೋದಕ್ಕಿಂತ 15 ನಿಮಿಷ ಮೂಗಿನ ಕೆಲಸ ಕೊಡೋದು ಈ ತಳಿಗೆ ಹೆಚ್ಚು ದಣಿವು ತರುತ್ತೆ. ದಿನದ ಊಟದ ಒಂದು ಭಾಗವನ್ನು ಹುಲ್ಲಿನಲ್ಲಿ ಚೆಲ್ಲಿ, ರಟ್ಟಿನ ಡಬ್ಬಿಗಳಲ್ಲಿ ಬಚ್ಚಿಡಿ. ಹುಡುಕಿ ಮುಗಿಸಿದ ಮೇಲೆ ತಾನಾಗೇ ಮಲಗುತ್ತೆ.

ಒಂಟಿಮನೆ

ಮನೆಯೊಳಗೆ ಉಚ್ಚೆ?

ಉದ್ದಕಿವಿ

ಮೊದಲು ಮೂತ್ರಪರೀಕ್ಷೆ. ಸೋಂಕಿದ್ದರೆ ಯಾವ ತರಬೇತಿಯೂ ನಡೆಯಲ್ಲ. ಸರಿಯಿದ್ದರೆ, ಅದು ದೊಡ್ಡ ನಾಯಿಯಾದರೂ ಮರಿಗೆ ಕಲಿಸಿದಂತೆಯೇ ಕಲಿಸಿ: ಎದ್ದ ಕೂಡಲೇ, ಊಟವಾಗಿ 15 ನಿಮಿಷಕ್ಕೆ, ಆಟವಾದ ಮೇಲೆ, ಉಳಿದಂತೆ 2ರಿಂದ 3 ಗಂಟೆಗೊಮ್ಮೆ, ಪ್ರತಿ ಸಲವೂ ಒಂದೇ ಜಾಗಕ್ಕೆ, ಲೀಶ್ ಹಾಕಿ. ಹಿತ್ತಲಿಗೆ ಬಿಟ್ಟು ಬಾಗಿಲು ಹಾಕಿಕೊಂಡರೆ ಅದು ಮೂಸುತ್ತಾ ಕಾಲ ಕಳೆದು, ಒಳಗೆ ಬಂದು ಹೊಯ್ಯುತ್ತೆ. ಹೊಯ್ದ ಮೂರು ಸೆಕೆಂಡಿನೊಳಗೆ, ಅಲ್ಲೇ, ತುಣುಕು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಬಹುಮಾನ ಅಂತ ತಿಳಿಯುತ್ತೆ.

ಒಳಗೆ ಆದ ಜಾಗವನ್ನು ಎಂಜೈಮ್ ಇರುವ ದ್ರಾವಣದಿಂದ ನೆನೆಸಿ ತಾನಾಗೇ ಒಣಗಲು ಬಿಡಿ. ಅಮೋನಿಯಾ ಇರುವ ದ್ರಾವಣಗಳು ಬೇಡ, ಆ ವಾಸನೆಯೂ ಉಚ್ಚೆಯಂತೆಯೇ ಕರೆಯುತ್ತೆ. ಮೂತಿ ಉಜ್ಜೋದು, ಬೈಯೋದು ಮಾಡಿದರೆ ಕಲಿಯೋದು ಒಂದೇ, ಮಂಚದ ಹಿಂದೆ ಹೋಗಿ ಹೊಯ್ಯೋದು.

ಹೊಸಬರು_7

ಸೋಫಾ ಮೇಲೆ ಗುರ್ ಅನ್ನೋದನ್ನು ಬಿಟ್ಟಿರಿ.

ಫಾಸ್ಟರ್‌ಮನೆ

ಮೊದಲು ಬೆನ್ನು, ಕಿವಿ, ಸೊಂಟ ನೋಯುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಎಬ್ಬಿಸಿದರೆ ನೋವಾಗುವ ನಾಯಿ ಗುರುಗುಟ್ಟೇ ಗುಟ್ಟುತ್ತೆ. ನೋವಿಲ್ಲವಾದರೆ, ಕೈಹಾಕಿ ಎಳೆಯೋದನ್ನು ಇವತ್ತೇ ನಿಲ್ಲಿಸಿ. ನೆಲದ ಮೇಲೆ ತುಣುಕು ಹಾಕಿ ‘ಇಳಿ’ ಅನ್ನಿ, ಇಳಿದರೆ ಇನ್ನೊಂದು ಕೊಡಿ, ಮತ್ತೆ ‘ಹತ್ತು’ ಅಂತ ಹಲಗೆಯ ಮೇಲಿಂದ ಹತ್ತಿಸಿ. ಇಳಿದರೆ ಜಾಗ ಕಳೆದುಕೊಳ್ಳಲ್ಲ ಅಂತ ಗೊತ್ತಾಗೋವರೆಗೆ ದಿನಾ ಹತ್ತಾರು ಸಲ. ಬಾಯಲ್ಲಿ ಏನಾದರೂ ಕಚ್ಚಿಕೊಂಡಿದ್ದರೂ ಇದೇ ನಿಯಮ: ಕಿತ್ತುಕೊಳ್ಳಬೇಡಿ, ಹೆಚ್ಚು ರುಚಿಯದ್ದಕ್ಕೆ ಬದಲಾಯಿಸಿ. ಎರಡು ನಾಯಿಗಳಿದ್ದರೆ ಊಟ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ.

ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಅದು ಎಚ್ಚರಿಕೆ. ಎಚ್ಚರಿಕೆ ಕೊಟ್ಟರೆ ಪೆಟ್ಟು ಅಂತ ಕಲಿತ ನಾಯಿ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತೆ.

ಹೊಸಬರು_7

ವಯಸ್ಸಾದ ನಾಯಿಯನ್ನು ತಗೊಳ್ಳೋದು ಸರಿಯಾ? 9 ವರ್ಷದ್ದೊಂದು ಇದೆ.

ತೂಕತಕ್ಕಡಿ

ಸಾಮಾನ್ಯ ಆಯಸ್ಸು 12ರಿಂದ 13 ವರ್ಷ. 9 ಅಂದರೆ ಮುಂದೆ ಕೆಲವು ಒಳ್ಳೇ ವರ್ಷಗಳಿವೆ. ಸ್ವಭಾವ ಆಗಲೇ ಗೊತ್ತಿರುತ್ತೆ, ದಿನದ ಬಹುಪಾಲು ನಿದ್ದೆ. ಅರ್ಜಿಗೆ ಮುಂಚೆ ಕೇಳಬೇಕಾದ್ದು ಹಲ್ಲಿನ ಸ್ಥಿತಿ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ, ಮೈಮೇಲಿನ ಗಂಟುಗಳನ್ನು ಸೂಜಿಯಿಂದ ಪರೀಕ್ಷಿಸಿದ್ದಾರಾ ಅನ್ನೋದು. ಮಲಗಲು 10 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಹಾಸಿಗೆ ಇರಲಿ, ತೆಳು ಹಾಸಿನ ಮೇಲೆ ಭಾರದ ಮೊಣಕೈ ಹುಣ್ಣಾಗುತ್ತೆ. ಬರುವ ಮೊದಲೇ ಉಗುರಿನ ಉದ್ದವನ್ನೂ ಕೇಳಿ. ಆಶ್ರಯದಲ್ಲಿ ಕಡೆಗಣಿಸಿ ಉದ್ದವಾಗಿದ್ದರೆ ಒಳಗಿನ ರಕ್ತನಾಳವೂ ಉದ್ದವಾಗಿರುತ್ತೆ. ಒಂದೇ ಸಲ ಕತ್ತರಿಸಿದರೆ ರಕ್ತ ಬರುತ್ತೆ. ವಾರಕ್ಕೊಮ್ಮೆ 1 ಮಿ.ಮೀ.ನಷ್ಟು ಉಜ್ಜುತ್ತಾ ಹೋದರೆ ನಾಳ ತಾನೇ ಹಿಂದೆ ಸರಿಯುತ್ತೆ. ನಡೆವಾಗ ಉಗುರು ನೆಲಕ್ಕೆ ಟಕಟಕ ಅನ್ನದಿದ್ದರೆ ಉದ್ದ ಸರಿಯಾಗಿದೆ.

ಹೊಸಬರು_7

ಹಾಗಾದರೆ ಹಲಗೆ, ಹಾಸಿಗೆ, ಎರಡು ಲೀಶ್ ಮೊದಲು. ಫಾಸ್ಟರ್ ಮನೆಯವರ ಜೊತೆ ಮಾತಾಡಿ, ಕಿವಿಯ ಔಷಧಗಳ ಪಟ್ಟಿ ಸಿಕ್ಕಮೇಲೆ ಇಲ್ಲಿ ಹಾಕ್ತೀನಿ.

ವೆಟ್‌ಮಾತು

ಹಾಕಿ. ಥೈರಾಯ್ಡ್ ಫಲಿತಾಂಶ ಇದ್ದರೆ ಅದನ್ನೂ, ಅಂಕಿ ಸಮೇತ.